ಹಳೇದು ತಗೀಲೇನ್ರಿ?

ಇಳಕಲ್ಲಿನ ಆ ನೇಕಾರರ ಸಂಘದ ಹೆಸರು ಬೇಡ ಬಿಡಿ. ಅದರ ಸೆಕ್ರೆಟರಿಯಾಗಿದ್ದ ಅಂದಾನಪ್ಪನವರು ಮರ್ಯಾದಸ್ಥರು, ಮೊಮ್ಮಕ್ಕಳನ್ನು ಕಂಡವರು. ಅಂದಾನಪ್ಪ ಎಂಬ ಹೆಸರಿನವರು ಆ ಊರಲ್ಲಿ ಓಣಿಗಿಬ್ಬರು ಸಿಗುತ್ತಾರೆ, ಯಾರೆಂದು ಹುಡುಕಲು ಹೋಗಬೇಡಿ. ಒಂದು ಗುಂಡಿ ಒತ್ತಿದ ತಪ್ಪಿಗೆ ಒಬ್ಬ ಮನುಷ್ಯನನ್ನು ಪೇಟೆತುಂಬ ಎಳೆದಾಡಿದರೆ ಯಾರಿಗೇನು ಬಂತು? ಹೇಳಬೇಕಾದದ್ದು ಅಲ್ಲಿನ ಟೈಪಿಸ್ಟ್ ಸತ್ಯವ್ವನ ಸುದ್ದಿ. ಕಂಪ್ಯೂಟರಿಗೆ ಇಳಕಲ್ಲಿನ ಮಾತು ಕಲಿಸಿ, ಆ ಮಾತಿನಿಂದಲೇ ಪೆಟ್ಟು ತಿಂದವಳು ಅವಳು.

ಸತ್ಯವ್ವ ಮಗ್ಗದ ಮನೆಯವಳು. ಅಪ್ಪ ನೇಯುತ್ತಿದ್ದ. ಅವ್ವ ಶಿವಬಸವ್ವ ಓಣಿಯ ಮಗ್ಗಗಳಿಗೆಲ್ಲ ಹಾಸು ಕೆಚ್ಚಿಕೊಡುತ್ತಿದ್ದಳು. ಕೆಚ್ಚುವುದೆಂದರೆ ಇಷ್ಟೇ: ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಹಣಿಗೆಯಿಂದ ಹಿರಿದು ಹಾಕುವುದಿಲ್ಲ. ಅವುಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿ, ಆಮೇಲೆ ಮೆಲ್ಲಗೆ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಮೂರು ಸಾವಿರ ಎಳೆ ಇದ್ದರೆ ಮೂರು ಸಾವಿರ ಸಲ ಹೊಸೆಯಬೇಕು. ಎಪ್ಪತ್ತರ ದಶಕದಲ್ಲಿ, ದಿನಾ ಸಂಜೆ ಸಾಲೆ ಬಿಟ್ಟ ಮೇಲೆ, ಸತ್ಯವ್ವ ಮಗ್ಗದ ಕುಣಿಯ ಅಂಚಿಗೆ ಕೂತು ಅವ್ವನಿಗೆ ಎಳೆ ಎತ್ತಿಕೊಡುತ್ತಿದ್ದಳು. ಬ್ಯಾಸರ ಬಂದು, "ಯವ್ವಾ, ಎಲ್ಲಾ ಕಿತ್ತು ಒಗದು ಹೊಸಾದ ಹಾಕಿದ್ರ ಆಗೂದಿಲ್ಲೇನು?" ಎಂದು ಕೇಳಿದರೆ ಶಿವಬಸವ್ವ ತಲೆ ಎತ್ತುತ್ತಲೇ ಇರಲಿಲ್ಲ. "ಹೊಸಾದು ಕೂಡೂತನಕಾ ಹಳೇದರ ಕೈ ಬಿಡಬಾರದವಾ, ತಂಗಿ. ಸುಮ್ನ ಎಳಿ ಕೊಡು," ಎನ್ನುತ್ತಿದ್ದಳು.

ಹುಡುಗಿ ಮೆಟ್ರಿಕ್ ಮುಗಿಸಿ, ಬಾಗಲಕೋಟೆಯ ಅತ್ತೆಯ ಮನೆಯಲ್ಲಿದ್ದು ಟೈಪಿಂಗ್ ಕಲಿತು, ಎಂಬತ್ತೊಂದರಲ್ಲಿ ಸಂಘಕ್ಕೆ ಸೇರಿದಳು. ಎಂಬತ್ತಾರರಲ್ಲಿ ಯಾವುದೋ ಯೋಜನೆಯಲ್ಲಿ ಸಂಘಕ್ಕೊಂದು ಕಂಪ್ಯೂಟರ್ ಬಂತು. ಅಂದಾನಪ್ಪನವರು ಅದಕ್ಕೆ ಕಾಯಿ ಒಡೆದು, ಮೇಲೊಂದು ಹೊಸ ಟವೆಲ್ ಹೊದಿಸಿ, ಯಾರೂ ಮುಟ್ಟಬಾರದೆಂದು ತಾಕೀತು ಮಾಡಿದರು. ನಾಲ್ಕು ತಿಂಗಳು ಯಾರೂ ಮುಟ್ಟಲಿಲ್ಲ. ಆಮೇಲೆ ಮೇಲಿನವರಿಂದ "ಯಂತ್ರದಲ್ಲಿ ಈವರೆಗೆ ಏನು ಮಾಡಿದ್ದೀರಿ?" ಎಂದು ಪತ್ರ ಬಂತು. ಟವೆಲ್ ಹೊದಿಸಿದ್ದೇವೆ ಎಂದು ಬರೆಯಲಾಗುತ್ತದೆಯೇ? ಗಡಿಬಿಡಿಯಲ್ಲಿ ಸತ್ಯವ್ವನನ್ನು ಆರು ತಿಂಗಳ ಕಲಿಕೆಗೆಂದು ಹುಬ್ಬಳ್ಳಿಗೆ ಅಟ್ಟಿದರು. ಅವಳು ಪ್ರೋಗ್ರಾಮ್ ಬರೆಯುವುದನ್ನು ಕಲಿತು ಬಂದಳು.

ಬಂದವಳು ಮೊದಲು ಕೈಹಚ್ಚಿದ್ದು ಅಬ್ದುಲಸಾಬನ ಬಣ್ಣಕ್ಕೆ. ಅಬ್ದುಲಸಾಬ ಸಂಘದ ಬಣ್ಣದ ಮನೆಯ ಹಿರಿಯ, ಎಪ್ಪತ್ತು ದಾಟಿದ ಮುದುಕ. ಓದು ಬರಹ ಇಲ್ಲ. ಯಾವ ಬಣ್ಣಕ್ಕೆ ಏನು ಎಷ್ಟು ತೊಲಿ, ಎಷ್ಟು ಕುದಿ, ಎಷ್ಟು ಹೊತ್ತು ನೆರಳು ಎಂಬುದೆಲ್ಲ ಅವನ ತಲೆಯಲ್ಲೇ ಇತ್ತು. ಅವನ ಮದಲಗಿತ್ತಿ ಕೆಂಪು ಬೇಕೆಂದು ಕೆರೂರ ಸಂತೆಯಲ್ಲಿ ಹೆಣ್ಣಿನ ಕಡೆಯವರು ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುತ್ತಿದ್ದರಂತೆ. ಇಬ್ಬರು ಗಂಡುಮಕ್ಕಳೂ ಕಲ್ಲು ಕೊರೆಯುವ ಕೆಲಸಕ್ಕೆ ಹೋದವರು, ಬಣ್ಣದ ಹಂಡೆಯ ಕಡೆ ತಲೆಹಾಕಿದವರಲ್ಲ. ಸತ್ಯವ್ವ ಮುದುಕನನ್ನು ಕರೆತಂದು ಯಂತ್ರದ ಪಕ್ಕ ಕೂರಿಸಿಕೊಂಡಳು.

"ಏನವಾ, ಈ ಪೆಟಿಗಿ ಮರೀತೈತೇನು?" ಎಂದ ಅಬ್ದುಲಸಾಬ.

"ಇಲ್ಲ ಚಾಚಾ, ಮರಿಯೂದಿಲ್ಲ."

"ಹಂಗಾರ ನನಗಿಂತ ಚಲೋ ಆತು. ಬರಕೋ."

ಐದು ತಿಂಗಳು, ದಿನಾ ಮಧ್ಯಾಹ್ನ, ಮುದುಕ ಹೇಳಿದ, ಅವಳು ಒತ್ತಿದಳು. ಯಂತ್ರಕ್ಕೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಳು. ನಡುನಡುವೆ ಮುದುಕನಿಗೆ ಸಿಟ್ಟು ಬರುತ್ತಿತ್ತು, "ಏಯ್, ಗಿಣಿ ಹಸರಿಗೂ ಎಲಿ ಹಸರಿಗೂ ಫರಕ್ ಗೊತ್ತಿಲ್ಲಾ? ಇಳಕಲ್ಲಾಗ ಹುಟ್ಟೀಯೋ ಇಲ್ಲೋ?" ಎಂದು ಬೈಯುತ್ತಿದ್ದ. ಒಟ್ಟು ಇನ್ನೂರಾ ಹನ್ನೆರಡು ಬಣ್ಣ ಒಳಗೆ ಹೋದವು. ಅದಾಗಿ ಎರಡೇ ತಿಂಗಳಿಗೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಸಂಘಕ್ಕೆ ಪ್ರಿಂಟರ್ ಮಂಜೂರಾಗಿತ್ತು, ಬಂದಿರಲಿಲ್ಲ. ಹಾಗಾಗಿ ಅಬ್ದುಲಸಾಬನ ಐವತ್ತು ವರ್ಷದ ವಿದ್ಯೆ ಈಗ ಜಗತ್ತಿನಲ್ಲಿ ಒಂದೇ ಕಡೆ ಉಳಿದಿತ್ತು, ಆ ಯಂತ್ರದ ಒಂದು ಫೈಲಿನಲ್ಲಿ.

ಆದರೆ ಬರೀ ಪಟ್ಟಿ ಇದ್ದು ಏನು ಮಾಡುವುದು? ಬಣ್ಣದ ಮನೆಯವರು ಇಂದು ಹತ್ತು ಪೌಂಡ್ ನೂಲು ತಂದರೆ ನಾಳೆ ಇಪ್ಪತ್ತೇಳು ಪೌಂಡ್ ತರುತ್ತಾರೆ. ನೂಲಿನ ತೂಕ ಹೇಳಿದರೆ ಬಣ್ಣದ ತೂಕ ತಾನೇ ಲೆಕ್ಕ ಮಾಡಿ ಹೇಳುವ ಪ್ರೋಗ್ರಾಮ್ ಬೇಕಿತ್ತು. ಎಂಬತ್ತೆಂಟರ ಬೇಸಿಗೆಯಲ್ಲಿ ಸತ್ಯವ್ವ ಅದನ್ನು ತಾನೇ ಕಟ್ಟಿದಳು. ಮನೆಯಲ್ಲಿ ಅಪ್ಪನಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಲೇ ತಲೆಯಲ್ಲಿ ಸಾಲು ಕೂಡಿಸುವಳು, ಬೆಳಿಗ್ಗೆ ಸಂಘಕ್ಕೆ ಹೋಗಿ ಒತ್ತುವಳು. ಅದು ಕೇಳುವ ಪ್ರಶ್ನೆಗಳನ್ನೆಲ್ಲ ಊರ ಮಾತಿನಲ್ಲೇ ಬರೆದಳು. "ಯಾವ ಬಣ್ಣಾರಿ?" "ನೂಲು ಎಷ್ಟ ಐತ್ರಿ?" ಅಂದಾನಪ್ಪನವರು ಅದನ್ನೋದಿ ಕುರ್ಚಿಯಿಂದ ಎದ್ದೇ ನಿಂತರು.

"ರೀ ಅಂತೈತಲ್ಲವಾ ಇದು! ನಮ್ಮ ಆಫೀಸಿನ ಮಂದಿಗಿಂತ ಇದಕ್ಕ ಸಂಸ್ಕಾರ ಜಾಸ್ತಿ!"

ಹೊಸ ಪ್ರೋಗ್ರಾಮನ್ನು ಯಂತ್ರದೊಳಗೆ ಕೂರಿಸಿದ ದಿನ ಸತ್ಯವ್ವ ಹುಷಾರಾಗಿಯೇ ಇದ್ದಳು. ಅದು ಹಳೆಯ ಫೈಲನ್ನು ಓದಿಕೊಂಡು ತನ್ನದೇ ಹೊಸ ಫೈಲು ಮಾಡಿಕೊಳ್ಳುತ್ತಿತ್ತು, ಹಳೆಯದನ್ನು ಮುಟ್ಟುತ್ತಿರಲಿಲ್ಲ. ಹೊಸದು ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಅಳಿಸಲು ಮಾತ್ರ ಅದು ಪ್ರತಿ ಸಲ ಶುರುವಾದಾಗ ಒಂದು ಮಾತು ಕೇಳುತ್ತಿತ್ತು: "ಹಳೇದು ತಗೀಲೇನ್ರಿ?" ಹೌದು ಎಂದರೆ ಒಂದು ಗುಂಡಿ, ಇಲ್ಲ ಎಂದರೆ ಇನ್ನೊಂದು. ಸತ್ಯವ್ವ ದಿನಾ 'ಇಲ್ಲ' ಎಂದೇ ಒತ್ತಿ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಿದ್ದಳು. ನೋಡಿದ್ದು ಒಳ್ಳೆಯದಾಯಿತು. ಅರವತ್ತೊಂದನೆಯ ಬಣ್ಣದ ಹೆಸರು ಉದ್ದವಾಗಿತ್ತು, ಅದು ಜಾಗ ಸಾಲದೆ ಪಕ್ಕದ ಮನೆಗೆ ಕಾಲು ಚಾಚಿತ್ತು. ಅಲ್ಲಿಂದ ಮುಂದೆ ಹೊಸ ಫೈಲಿನಲ್ಲಿ ಎಲ್ಲ ಅದಲುಬದಲು, ಒಂದರ ಪಟಿಕ ಇನ್ನೊಂದರ ಹಂಡೆಗೆ. ತಿದ್ದಬೇಕು. ಆದರೆ ಮರುದಿನವೇ ಬಾದಾಮಿಯಲ್ಲಿ ಸೋದರಮಾವನ ಮಗಳು ಬನಶಂಕರಿಯ ಮದುವೆ. ಬಂದು ತಿದ್ದಿದರಾಯಿತು, ಹಳೆಯದಂತೂ ಭದ್ರ ಇದೆಯಲ್ಲ ಎಂದುಕೊಂಡಳು. ಆದರೂ ಮನಸ್ಸು ತಡೆಯಲಿಲ್ಲ. ಹಳೆಯ ಫೈಲನ್ನು ಇದ್ದೊಂದು ಖಾಲಿ ಫ್ಲಾಪಿಗೆ ನಕಲು ಮಾಡಿಕೊಂಡು ಮನೆಗೊಯ್ದು ಅವ್ವನ ಕೈಗೆ ಕೊಟ್ಟಳು.

"ಯವ್ವಾ, ಜ್ವಾಕಿ. ಇದ್ರಾಗ ಅಬ್ದುಲ ಚಾಚಾನ ಇಡೀ ವಿದ್ಯಾ ಐತಿ."

ಅಂದಾನಪ್ಪನವರಿಗೂ ಹೇಳಿದಳು, "ಸರ, ನಾ ಬರೂತನಕಾ ಮಷಿನ್ ಮುಟ್ಟಬ್ಯಾಡ್ರಿ."

"ಛೇ, ನಾ ಯಾಕ ಮುಟ್ಟಲವಾ? ಆರಾಮ ಹೋಗಿ ಬಾ," ಎಂದರು ಅಂದಾನಪ್ಪನವರು.

ನಾಲ್ಕನೆಯ ದಿನ ಬೆಳಿಗ್ಗೆ ಹೊರಟು, ಗುಳೇದಗುಡ್ಡ, ಹುನಗುಂದ ದಾಟಿ, ಮದುವೆಯ ಉಂಡಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಸತ್ಯವ್ವ ಇಳಕಲ್ಲಿಗೆ ಬಂದಿಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಅಂದಾನಪ್ಪನವರು ನಿಂತಿದ್ದರು. ಸೆಕ್ರೆಟರಿ ಸಾಹೇಬರು ಟೈಪಿಸ್ಟಳನ್ನು ಇದಿರುಗೊಳ್ಳಲು ಬಂದದ್ದು ಆ ಊರಿನ ಇತಿಹಾಸದಲ್ಲೇ ಇಲ್ಲ. ಅವರ ಮುಖ ನೋಡಿಯೇ ಅವಳು, "ಏನಾತ್ರಿ, ಸರ?" ಎಂದಳು.

"ಸತ್ಯವ್ವಾ, ಆ ಮಷಿನ್ನು..." ಎಂದು ಅವರು ಟೋಪಿ ತೆಗೆದು ಕೈಯಲ್ಲಿ ಹಿಚುಕತೊಡಗಿದರು. "ಬಾಗಲಕೋಟಿಯಿಂದ ಸಾಹೇಬರು ಬಂದಿದ್ರು. ಅಬ್ದುಲಸಾಬನ ಹಳೇ ಬಣ್ಣದ ಪಟ್ಟಿ ತೋರಸ್ರಿ ಅಂದ್ರು. ನಾ ಚಾಲೂ ಮಾಡಿದೆ. ಅದು ತಾನಽ ಕೇಳ್ತು, ಹಳೇದು ತಗೀಲೇನ್ರಿ ಅಂತ. ನಮಗೂ ಬೇಕಾದದ್ದು ಹಳೇದಽ ಅಲ್ಲಾ? ಹೌದಪ್ಪಾ, ತಗಿ ಅಂದೆ. ಗುಂಡಿ ಒತ್ತಿದೆ. ಆಮ್ಯಾಲೆ ಹಳೇದು ಎಲ್ಲೂ ಸಿಗವಲ್ದು!"

ಸತ್ಯವ್ವ ಉಂಡಿಯ ಗಂಟು ಅವಚಿ ಹಿಡಿದಳು. "ತಗೀಲೇನ್ರಿ ಅಂದ್ರ ಅಳಸಲೇನ್ರಿ ಅಂತ, ಸರ!"

"ಹಂಗ್ಯಾಂಗವಾ? ಬಾಗಲಾ ತಗಿ ಅಂದ್ರ ಬಾಗಲಾ ಕಿತ್ತು ಒಗೀತಾರೇನು?"

"ಹಲ್ಲ ತಗೀರಿ ಅಂದ್ರ ಡಾಕ್ಟರು ಹಲ್ಲ ತೆರದು ಒಳಗ ನೋಡ್ತಾನೇನ್ರಿ?"

ಇಬ್ಬರದೂ ಖರೆ. ನಮ್ಮ ಮಾತೇ ಹಾಗಿದೆ, ತೆರೆಯುವುದಕ್ಕೂ ತೆಗೆದೊಗೆಯುವುದಕ್ಕೂ ಒಂದೇ 'ತಗಿ'. ಮನುಷ್ಯ ಆಡಿದರೆ ದನಿಯಿಂದ, ಕೈಸನ್ನೆಯಿಂದ ತಿಳಿಯುತ್ತದೆ. ಯಂತ್ರಕ್ಕೆ ದನಿಯೆಲ್ಲಿ, ಕೈಯೆಲ್ಲಿ? ಅದನ್ನು ಯೋಚಿಸಬೇಕಾದವಳು ತಾನೇ ಎಂದು ಸತ್ಯವ್ವನಿಗೆ ಅಲ್ಲೇ ಹೊಳೆಯಿತು. ಸೆಕ್ರೆಟರಿಯವರ ಮೇಲೆ ಬಂದ ಸಿಟ್ಟು ಅರ್ಧಕ್ಕೇ ಇಳಿದು ತನ್ನ ಮೇಲೇ ತಿರುಗಿತು. ಆದರೆ ಮನೆಯಲ್ಲಿ ಫ್ಲಾಪಿ ಇದೆಯಲ್ಲ! ಉಂಡಿಯ ಗಂಟನ್ನು ಅಂದಾನಪ್ಪನವರ ಕೈಗೆ ತುರುಕಿ ಅವಳು ಓಡಿದಳು. ಅವರೂ ಗಂಟು ಹಿಡಿದುಕೊಂಡು ಹಿಂದೆಯೇ ಓಡಿದರು.

"ಯವ್ವಾ, ಆ ಕರೀ ಹಾಳಿ ಎಲ್ಲೈತಿ?"

"ಎಲ್ಲಿರತೈತಿ? ಜಗಲಿ ಮ್ಯಾಲೈತಿ," ಎಂದಳು ಶಿವಬಸವ್ವ, ಬಹಳ ಹೆಮ್ಮೆಯಿಂದ. "ವಿದ್ಯಾ ಐತಿ ಅಂದಿದ್ದೆಲ್ಲಾ? ಸೋಮಾರ ಪೂಜಾನೂ ಮಾಡೇನಿ."

ದೇವರ ಜಗಲಿಯ ಮೇಲೆ, ಬಸವಣ್ಣನ ಫೋಟೋದ ಪಕ್ಕ, ಫ್ಲಾಪಿ ನೆಟ್ಟಗೆ ಕೂತಿತ್ತು. ಮೂರು ಬೆರಳಿನ ವಿಭೂತಿ, ಮೇಲೊಂದು ಮಲ್ಲಿಗೆ. ವಿಭೂತಿಯನ್ನು ನೀರಲ್ಲಿ ಕಲಸಿ ಬಳಿದಿದ್ದಳು. ಬಳಿದದ್ದು ಸರಿಯಾಗಿ ಫ್ಲಾಪಿಯ ಕಿಂಡಿಯ ಮೇಲೆ, ಒಳಗಿನ ತೆಳ್ಳನೆಯ ತಟ್ಟೆ ಹೊರಗೆ ಕಾಣುವಷ್ಟೇ ಜಾಗದಲ್ಲಿ. ಸತ್ಯವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವನಿಗೆ ಏನೆನ್ನುವುದು? ಯಾರು ತಾನೇ ಆ ಮುದುಕಿಗಿಂತ ಜೋಪಾನವಾಗಿ ಇಡುತ್ತಿದ್ದರು?

ಮೆತ್ತಗೆ ಊದಿ, ಹತ್ತಿಯಿಂದ ಕಂಡಷ್ಟು ಪುಡಿ ಎತ್ತಿ, ಸಂಘಕ್ಕೆ ಒಯ್ದು ಯಂತ್ರಕ್ಕೆ ಹಾಕಿ ನೋಡಿದಳು. ಅದು ಕರಕರ ಎಂದು ನರಳಿ, ಓದಲಾಗುತ್ತಿಲ್ಲ, ಬಿಡಲೋ ಮತ್ತೆ ನೋಡಲೋ ಎಂದು ಇಂಗ್ಲಿಷಿನಲ್ಲಿ ಕೇಳಿತು. ಮತ್ತೆ ನೋಡು ಎಂದಳು. ಮತ್ತೆ ಕರಕರ. ಎರಡೇ ಸಲಕ್ಕೆ ಹೊರಗೆಳೆದುಬಿಟ್ಟಳು, ಇನ್ನೊಂದು ಸಲ ತಿರುಗಿದರೆ ಬೂದಿ ಒಳಗೆಲ್ಲ ಗೀರುತ್ತದೆ. ಅಂದಾನಪ್ಪನವರು ಬಾಗಿಲಲ್ಲಿ ನಿಂತು, "ಹೋತೇನವಾ?" ಎಂದು ಹತ್ತು ಸಲ ಕೇಳಿದರು.

ಆಗ ಅವಳಿಗೆ ಹುಬ್ಬಳ್ಳಿಯ ಮಾಸ್ತರರು ಮಾಡಿ ತೋರಿಸಿದ್ದು ನೆನಪಾಯಿತು. ಒಮ್ಮೆ ಫ್ಲಾಪಿಯ ಮೇಲೆ ಚಹಾ ಚೆಲ್ಲಿದಾಗ ಅವರು ಅದರ ಅಂಗಿ ಕತ್ತರಿಸಿ, ಒಳಗಿನ ತಟ್ಟೆಯನ್ನು ನೀರಲ್ಲಿ ತೊಳೆದು, ಆರಿಸಿ, ಬೇರೆ ಫ್ಲಾಪಿಯ ಅಂಗಿ ತೊಡಿಸಿದ್ದರು. ಒಂದು ಗೀರು ಬೀಳಬಾರದು, ಬೆರಳಿನ ಜಿಡ್ಡು ತಾಗಬಾರದು, ನೀರಿನ ಕಲೆ ಉಳಿಯಬಾರದು. ಸಂಘದ ನಳದಲ್ಲಿ ಬರುವುದು ಸವಳು ನೀರು, ಒಣಗಿದರೆ ಬೆಳ್ಳಗೆ ಉಪ್ಪು ನಿಲ್ಲುತ್ತದೆ. ಸತ್ಯವ್ವನಂತೂ ಅದನ್ನು ನೋಡಿದ್ದಳೇ ಹೊರತು ತನ್ನ ಕೈಯಿಂದ ಎಂದೂ ಮಾಡಿರಲಿಲ್ಲ. ಉಜ್ಜದೆ ತೊಳೆಯುವ ಕೈ ಊರಲ್ಲಿ ಯಾರದೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಆದರೆ ಅವನ ಮುಂದೆ ಹೋಗಿ ಏನೆಂದು ಹೇಳುವುದು?

ಹೋದಳು, ಹೇಳಿದಳು. ಅಂದಾನಪ್ಪನವರೂ ಉಂಡಿಯ ಗಂಟಿನೊಡನೆ ಹಿಂದೆಯೇ ಬಂದಿದ್ದರು. ಅಬ್ದುಲಸಾಬ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. "ಚಾಚಾ, ತಪ್ಪು ನಂದು. ನಿನ್ನ ಬಣ್ಣ ಎಲ್ಲಾ ಈಗ ಇದೊಂದರಾಗ ಉಳದಾವು. ಇದನ್ನ ರೇಶಿಮಿ ತೊಳದಂಗ ತೊಳೀಬೇಕು," ಎನ್ನುತ್ತಲೇ ಅವಳಿಗೆ ಅಳು ಬಂತು. ಮುದುಕ ಅವಳನ್ನು ನೋಡಿದ, ಕೈಯಲ್ಲಿದ್ದದ್ದನ್ನು ನೋಡಿದ, ಎಡಗೈ ಚಾಚಿದ. ಅವನ ಹೆಂಡತಿ ಚಾಚಿ ಪರಾತದಲ್ಲಿ ನೀರು ತಂದಿಟ್ಟಳು. ಅವನು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಥೂ ಎಂದು ಉಗುಳಿದ. ಮೂಲೆಯ ಹರವಿಯತ್ತ ಬೆರಳು ಮಾಡಿದ. ಅದರಲ್ಲಿ ಸಿಹಿಬಾವಿಯ ನೀರಿತ್ತು.

ಸತ್ಯವ್ವ ಬ್ಲೇಡಿನಿಂದ ಅಂಗಿಯ ಅಂಚು ಸೀಳಿದಳು. ಮುದುಕ ತಟ್ಟೆಯ ನಡುವಿನ ತೂತಿಗೆ ಬೆರಳು ತೂರಿಸಿ, ಬೇರೆಲ್ಲೂ ಮುಟ್ಟದೆ, ನೀರಿನಲ್ಲಿ ಓರೆಯಾಗಿ ಇಳಿಸಿದ. ಅಲುಗಿಸಿದ, ಎತ್ತಿದ, ನೀರು ಬದಲಿಸಲು ಸನ್ನೆ ಮಾಡಿದ. ಮೂರು ನೀರು. ಬೂದಿ ತಾನಾಗಿ ಬಿಟ್ಟುಹೋಯಿತು. ಸತ್ಯವ್ವ ಒರೆಸಲು ಬಟ್ಟೆ ಹಿಡಿದಾಗ ಹೂಂಕರಿಸಿ ಅವಳ ಕೈ ಸರಿಸಿದ. ನೂಲಿನ ಲಡಿ ಒಣಹಾಕುವ ಬಿದಿರ ಗಳಕ್ಕೆ ಪೋಣಿಸಿ ಪಡಸಾಲೆಯ ನೆರಳಿಗೆ ಇಡಿಸಿದ. ಎರಡು ತಾಸು ನಾಲ್ವರೂ ಅದನ್ನೇ ನೋಡುತ್ತ ಕೂತರು. ಅಂದಾನಪ್ಪನವರು ಆ ಗಾಬರಿಯಲ್ಲಿ ಮದುವೆಯ ಉಂಡಿ ಐದು ತಿಂದರು, ತಿಂದದ್ದು ಅವರಿಗೇ ಗೊತ್ತಿರಲಿಲ್ಲ.

ನಾಲ್ಕು ಗಂಟೆಗೆ ಸಂಘಕ್ಕೆ ಮರಳಿ, ಬೇರೊಂದು ಫ್ಲಾಪಿಯ ಅಂಗಿ ತೊಡಿಸಿ, ಯಂತ್ರಕ್ಕೆ ಹಾಕಿದಳು. ಅದು ಒಮ್ಮೆ ಗುರ್ ಎಂದಿತು. ಸುಮ್ಮನಾಯಿತು. ಆಮೇಲೆ ತೆರೆಯ ಮೇಲೆ ಸಾಲು ಸಾಲಾಗಿ ಇಳಿಯತೊಡಗಿತು: ದಾಳಿಂಬರಿ, ನವಿಲು, ಗಿಣಿ ಹಸಿರು, ಬದನಿಹೂವು... ಅರವತ್ತು, ನೂರು, ಇನ್ನೂರಾ ಹನ್ನೆರಡು! ಸತ್ಯವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತ ನಕ್ಕಳು. ನಾಲ್ಕು ದಿನದ ನಿದ್ದೆಗೇಡು, ಬಸ್ಸಿನ ಧೂಳು, ಎದೆಯ ಮೇಲಿನ ಬಂಡೆ ಎಲ್ಲ ಒಟ್ಟಿಗೇ ಇಳಿಯಿತು. ಅಂದಾನಪ್ಪನವರು ಯಂತ್ರಕ್ಕೇ ಕೈಮುಗಿದು, "ಬದುಕಿಸಿದಿ ಮಾರಾಯಾ!" ಎಂದರು. ಅವಳು ಅಲ್ಲೇ ಕೂತು, ಮೊದಲು ನಕಲು ಮಾಡಿ, ಆಮೇಲೆ ಆ ಪ್ರಶ್ನೆಯನ್ನು ತಿದ್ದಿದಳು: "ಹಳೇದು ಅಳಸಿಬಿಡಲೇನ್ರಿ? ಹೋದ್ರ ಮತ್ತ ಬರೂದಿಲ್ಲ ನೋಡ್ರಿ." ಮುಂದಿನ ವರ್ಷ ಆ ಪ್ರೋಗ್ರಾಮು ಗುಳೇದಗುಡ್ಡದ ಖಣದ ನೇಕಾರರಿಗೂ ಹೋಯಿತು. ಅಲ್ಲೂ ಅದು ಹಾಗೆಯೇ ಕೇಳುತ್ತಿತ್ತು.

ಇನ್ನು ಯಂತ್ರವನ್ನೊಂದೇ ನಂಬಲಾರೆ ಎಂದು ಸತ್ಯವ್ವ ಒಂದು ವಾರ ಕೂತು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿದಳು. ಒಂದಕ್ಷರ ಕೆಟ್ಟಿದೆಯೇನೋ ಎಂದು ಅಬ್ದುಲಸಾಬನ ಹೊರಸಿನ ಪಕ್ಕ ಕೂತು ಓದಿ ಹೇಳಿದಳು. ಮುದುಕ ಒಂದೊಂದಕ್ಕೂ ಹೂಂ ಎನ್ನುತ್ತಿದ್ದ. ಮದಲಗಿತ್ತಿ ಕೆಂಪು ಬಂದಾಗ ಎಡಗೈ ಎತ್ತಿ ಅಲ್ಲಾಡಿಸಿದ. ಅಲ್ಲ. ಬೂದಿ ಇದೊಂದನ್ನು ತಿಂದಿತೇ? ಮತ್ತೆ ಓದಿದಳು. ಮತ್ತೆ ಅಲ್ಲ. ಮುದುಕ ಪಕ್ಕದಲ್ಲಿದ್ದ ಚಾಚಿಯ ಎಲೆಅಡಿಕೆಯ ಚೀಲ ಎಳೆದುಕೊಂಡು, ಸುಣ್ಣದ ಡಬ್ಬಿಯನ್ನು ಕಷ್ಟಪಟ್ಟು ಬಿಚ್ಚಿ, ಅಷ್ಟನ್ನೂ ಸತ್ಯವ್ವನ ಅಂಗೈಗೆ ಸುರಿದ. ಆಮೇಲೆ ಒಲೆಯ ಕಡೆ ತೋರಿಸಿ, ಕಡೆಯದು ಎಂಬಂತೆ ಕಿರುಬೆರಳು ಎತ್ತಿದ.

"ಕಡೀ ಕುದಿಗೆ ಸುಣ್ಣ?" ಎಂದಳು ಸತ್ಯವ್ವ. ಮುದುಕ ಜೋರಾಗಿ ಹೂಂ ಎಂದ.

"ಯಾ ಅಲ್ಲಾ!" ಚಾಚಿ ಹಣೆ ಬಡಿದುಕೊಂಡಳು. "ಐವತ್ತು ವರ್ಷ ನನ್ನ ಡಬ್ಬ್ಯಾಗಿನ ಸುಣ್ಣ ಎಲ್ಲಿ ಹೋಗತೈತಿ ಅಂತ ಸೊಸಿಯಾರ್ನ ಬೈದೆ, ನೆರಿಯಾಕಿನ ಬೈದೆ. ಈ ಮನಿಶ್ಯಾ ಹಂಡ್ಯಾಗ ಹಾಕ್ತಿದ್ದನೇನು?"

"ಅಂದ್ರ ಚಾಚಾ, ಆವತ್ತು ನನಗ ಬೇಕಂತಽ ಬಿಟ್ಟು ಹೇಳಿದಿ?" ಸತ್ಯವ್ವನಿಗೆ ಸಿಟ್ಟೂ ಬಂತು, ನಗುವೂ ಬಂತು. "ನಾ ಜೀವಾ ಕೈಯಾಗ ಹಿಡಕೊಂಡು ಓಡ್ಯಾಡಿದ್ದು ನಿನ್ನ ಅರ್ಧಾ ಕೆಂಪಿಗೇನು?"

ಅಬ್ದುಲಸಾಬ ಅರ್ಧ ಬಾಯಿಯಲ್ಲಿ ನಕ್ಕ. ಕಣ್ಣು ಮಾತ್ರ ತುಂಬಿತ್ತು. ಯಾವ ಉಸ್ತಾದ ತಾನೇ ಕಡೆಯ ಮಾತನ್ನು ಸುಲಭಕ್ಕೆ ಬಿಟ್ಟುಕೊಡುತ್ತಾನೆ? ಹೇಳಿದರಾಯಿತು ಎಂದು ಇಟ್ಟುಕೊಂಡಿದ್ದ, ಅಷ್ಟರಲ್ಲಿ ನಾಲಿಗೆಯೇ ಹೋಗಿತ್ತು. ಹಳೆಯದು ಅಳಿಸಿ ಹೋಗದೆ ಇದ್ದಿದ್ದರೆ ಸತ್ಯವ್ವ ಓದಿ ಹೇಳಲು ಬರುತ್ತಲೇ ಇರಲಿಲ್ಲ. ಎಲ್ಲ ಭದ್ರವಾಗಿದೆ ಎಂದು ಅವಳು ಆರಾಮಾಗಿ ಇರುತ್ತಿದ್ದಳು, ಆ ಕೆಂಪು ಮುದುಕನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಅವಳ ಅಂಗೈ ಸುಣ್ಣಕ್ಕೆ ಚುರುಗುಟ್ಟುತ್ತಿತ್ತು. ಚಾಚಿ ಚೆಂಬಿನಲ್ಲಿ ನೀರು ತಂದು ಕೈ ತೊಳೆದುಕೋ ಎಂದಳು. "ತಡಿ ಚಾಚಿ," ಎಂದು ಅವಳು ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು, ಸೊಟ್ಟಸೊಟ್ಟಾಗಿ, ಸುಣ್ಣ ಎಂದು ಬರೆದುಕೊಂಡಳು. ಆಮೇಲೆ ಕೈ ತೊಳೆದಳು.